ಪೋಖರಾಕ್ಕೆ ಬಂದಿದ್ದ ಅಣ್ಣ

ನೇಪಾಳಕ್ಕೆ ಹೋಗಿ ಬಂದವರನ್ನು ಕತ್ರಿಗುಪ್ಪೆಯಲ್ಲಿ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ರುದ್ರಾಕ್ಷಿ ತಂದ್ರಾ? ಹಿಮಾಲಯ ಕಾಣಿಸ್ತಾ? ರುದ್ರಾಕ್ಷಿ ತರಲಿಲ್ಲ. ಹಿಮಾಲಯ ಕಾಣಿಸಿತು. ನಮ್ಮ ಅತ್ತಿಗೆಗೆ ಇನ್ನೂ ಒಂದು ಕಾಣಿಸಿತು, ಅದು ನನಗೆ ಕಾಣಿಸಲಿಲ್ಲ. ತರಕಾರಿ ಗಾಡಿಯ ಮುಂದೆ ನಿಂತು ಹೇಳಿ ಮುಗಿಸುವ ವಿಷಯವಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನ ಹೆಸರು ಗಿರಿಜಾ. ರಿಟೈರ್ ಆಗುವವರೆಗೂ ನರರೋಗದ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ನನ್ನ ಬಾಯಿ ಸ್ವಲ್ಪ ಜೋರು ಎಂದು ವಾರ್ಡಿನಲ್ಲೂ ಹೇಳುತ್ತಿದ್ದರು, ಬೀದಿಯಲ್ಲೂ ಹೇಳುತ್ತಾರೆ. ಮದುವೆಯಾಗಲಿಲ್ಲ, ಅಣ್ಣನ ಮನೆಯಲ್ಲೇ ಉಳಿದೆ. ಅಣ್ಣ ಶ್ರೀಕಂಠ ಕತ್ರಿಗುಪ್ಪೆಯಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಅಂಗಡಿ ಇಟ್ಟಿದ್ದ. ಅವನು ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಮನೆಯಲ್ಲಿರುವುದು ನಾನು ಮತ್ತು ಸರೋಜ ಅತ್ತಿಗೆ. ಅತ್ತಿಗೆಗೆ ಪಾರ್ಕಿನ್ಸನ್. ಕೈ ನಡುಕ, ಮೈ ಬಿಗಿತ, ನಡೆಯುತ್ತ ನಡೆಯುತ್ತ ಕಾಲು ನೆಲಕ್ಕೆ ಅಂಟಿಕೊಂಡು ನಿಂತುಬಿಡುವುದು, ಎಲ್ಲವೂ ಇದೆ. ಹೋದ ವರ್ಷ ಡಾಕ್ಟರು ಹಳೆಯ ಮಾತ್ರೆಯ ಜೊತೆಗೆ ಒಂದು ಸಣ್ಣ ಮಾತ್ರೆ ಸೇರಿಸಿದರು. ಅದು ಬಂದ ಮೇಲೆ ಅತ್ತಿಗೆ ಬನಶಂಕರಿ ದೇವಸ್ಥಾನದವರೆಗೆ ಸಲೀಸಾಗಿ ನಡೆದು ಬರುವಂತಾದರು. "ಎಲ್ಲಾದ್ರೂ ಹೋಗೋದಿದ್ರೆ ಈಗ್ಲೇ ಹೋಗ್ಬನ್ನಿ, ಮುಂದಿನ ವರ್ಷದ ಮಾತು ನಾನು ಹೇಳಲ್ಲ" ಎಂದರು ಡಾಕ್ಟರು. ಅತ್ತಿಗೆ ಹಿಮದ ಬೆಟ್ಟ ನೋಡಬೇಕು ಎಂದರು. ಹೊರಟೆವು.

ಕಠ್ಮಂಡು

ನಾವು ಸೇರಿಕೊಂಡದ್ದು ಜಯನಗರದ ಕಡೆಯ ಒಂದು ಟೂರಿಗೆ. ಅಡುಗೆಯವರನ್ನು, ಪಾತ್ರೆಗಳನ್ನು, ಮಿಕ್ಸಿಯನ್ನು ಜೊತೆಯಲ್ಲೇ ಕಟ್ಟಿಕೊಂಡು ಹೋಗುವ ಟೂರು. ಬೇರೆ ದೇಶಕ್ಕೆ ಹೋದರೂ ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಹುಳಿ ಅನ್ನ. ಕಠ್ಮಂಡುವಿನ ಹೋಟೆಲಿನ ಹಿತ್ತಲಲ್ಲಿ ಒಗ್ಗರಣೆಯ ಘಾಟು ಎದ್ದಾಗ ಅಲ್ಲಿನ ಕೆಲಸದ ಹುಡುಗಿಯರು ಕೆಮ್ಮುತ್ತ ನಗುತ್ತ ಬಂದು ನೋಡಿದರು. ಊರು ಥೇಟ್ ನಮ್ಮ ಬನಶಂಕರಿ ಬಸ್‌ಸ್ಟ್ಯಾಂಡಿನ ಹಾಗೇ ಇತ್ತು, ಅದೇ ಧೂಳು, ಅದೇ ಹಾರನ್ನು, ಕಂಬದ ತುಂಬ ಅದೇ ವೈರುಗಳ ಗೋಜಲು. ಇದನ್ನು ನೋಡೋಕೆ ವಿಮಾನ ಹತ್ತಬೇಕಿತ್ತೇ ಎಂದು ನಾನು ಗೊಣಗಿದೆ. ಅತ್ತಿಗೆ ಮಾತ್ರ ಮಗುವಿನ ಹಾಗೆ ಎಲ್ಲವನ್ನೂ ನೋಡುತ್ತಿದ್ದರು.

ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಬಸ್ಸಿನಲ್ಲಿ ಎಲ್ಲರೂ ಸಂಭ್ರಮದಿಂದ ವಾಚು ತಿರುಗಿಸಿಕೊಂಡರು. ನಾನು ತಿರುಗಿಸಲಿಲ್ಲ. ಅತ್ತಿಗೆಯ ಮಾತ್ರೆ ನಡೆಯುವುದು ಕತ್ರಿಗುಪ್ಪೆಯ ಟೈಮಿಗೆ. ಊಟಕ್ಕೆ ಮುಂಚೆ, ಖಾಲಿ ಹೊಟ್ಟೆಗೆ, ಹೊತ್ತು ತಪ್ಪದೆ ಕೊಡಬೇಕು. ಮಲಗಿದ್ದಾಗೊಮ್ಮೆ, ಎದ್ದು ನಿಂತಾಗೊಮ್ಮೆ ಬಿ.ಪಿ. ನೋಡಬೇಕು. ನುಂಗುವಾಗ ಗಂಟಲು ಹಿಡಿಯಿತೇ, ಹೊಟ್ಟೆ ಕಟ್ಟಿದೆಯೇ, ಇಲ್ಲದ್ದೇನಾದರೂ ಕಣ್ಣಿಗೆ ಕಾಣುತ್ತದೆಯೇ ಎಂದು ಕೇಳುತ್ತಿರಬೇಕು. ಈ ಕೊನೆಯ ಪ್ರಶ್ನೆಯನ್ನು ನಾನು ವಾರಕ್ಕೊಮ್ಮೆ ಕೇಳುತ್ತಿದ್ದೆ. ಆ ಸಣ್ಣ ಮಾತ್ರೆಗೆ ಆ ಗುಣವಿದೆ. ಅತ್ತಿಗೆ ಪ್ರತಿ ಸಲವೂ "ಏನೂ ಇಲ್ಲಮ್ಮ ತಾಯಿ" ಎನ್ನುತ್ತಿದ್ದರು.

ಅಲ್ಲಿಯ ಜನರ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಏನನ್ನು ಕೊಡುವಾಗಲೂ ಎಡಗೈಯಲ್ಲಿ ಬಲಗೈಯ ಮೊಣಕೈ ಹತ್ತಿರ ಮುಟ್ಟಿಕೊಂಡು ಕೊಡುತ್ತಾರೆ. ಟೀ ಅಂಗಡಿಯ ಹೆಂಗಸು ಅತ್ತಿಗೆಯ ಕೈ ನಡುಗುವುದನ್ನು ನೋಡಿದಳು. ಲೋಟದಲ್ಲಿ ಅರ್ಧ ಮಾತ್ರ ಟೀ ಹಾಕಿ ಹಾಗೆ ಮರ್ಯಾದೆಯಿಂದ ಕೊಟ್ಟಳು, ಉಳಿದದ್ದನ್ನು ಆಮೇಲೆ ತಂದಳು. ಒಂದು ಮಾತೂ ಕೇಳಲಿಲ್ಲ. ನಮ್ಮ ಕಡೆ ಆಗಿದ್ದರೆ ಆಟೋದವನಿಂದ ಹಿಡಿದು ಹೂವಿನವಳ ತನಕ "ಯಾಕೆ ಆಂಟಿ, ಕೈ ಹಂಗೆ ಆಡುತ್ತೆ?" ಎಂದು ಕೇಳಿ, ಒಂದು ನಾಟಿ ಔಷಧಿಯನ್ನೂ ಹೇಳಿ ಕಳಿಸುತ್ತಿದ್ದರು.

ಘಟ್ಟದ ರಸ್ತೆ

ನಮ್ಮ ಬಸ್ಸಿನಲ್ಲಿದ್ದವರೆಲ್ಲ ಬಹುಪಾಲು ಅರವತ್ತು ದಾಟಿದವರು. ತಿಂಡಿಯಾದ ಮೇಲೆ ಎಲ್ಲರ ಮಡಿಲಲ್ಲೂ ಮಾತ್ರೆಯ ಡಬ್ಬಿ ತೆರೆದುಕೊಳ್ಳುತ್ತಿತ್ತು. ಆಮೇಲೆ ಶುರು. "ನಿಮ್ಮ ಮಂಡಿಗೆ ಇದೊಂದು ತಗೊಂಡು ನೋಡಿ ರೀ, ಸಖತ್ತಾಗಿ ಕೇಳುತ್ತೆ." "ಗ್ಯಾಸಿಗೆ ನಂದು ಕೊಡ್ಲಾ?" ಸಂಕ್ರಾಂತಿಯ ಎಳ್ಳು ಬೀರುವ ಹಾಗೆ ಮಾತ್ರೆ ಬೀರುವ ಜನ ನಾವು. ಕೊಡುವವರಿಗೆ ಪ್ರೀತಿ, ತಗೊಳ್ಳುವವರಿಗೆ ದಾಕ್ಷಿಣ್ಯ. ನಾನು ಮೊದಲ ದಿನವೇ ಎದ್ದು ನಿಂತು, ನಮ್ಮ ಅತ್ತಿಗೆಗೆ ಯಾರೂ ಏನೂ ಕೊಡಕೂಡದು ಎಂದು ಜೋರಾಗಿ ಹೇಳಿದ್ದೆ. ಅದಕ್ಕೆ ಒಂದಿಬ್ಬರು ಮುಖ ಊದಿಸಿಕೊಂಡಿದ್ದರು.

ಕಠ್ಮಂಡುವಿನಿಂದ ಪೋಖರಾಕ್ಕೆ ಹೋಗುವ ರಸ್ತೆ ಗುಂಡಿ, ತಿರುವು, ಧೂಳು. ಅರ್ಧ ಬಸ್ಸಿಗೆ ವಾಂತಿ. ದಾರಿಯಲ್ಲಿ ನಿಲ್ಲಿಸಿದಾಗ ನಾನು ಟಾಯ್ಲೆಟ್ಟಿನ ಕ್ಯೂನಲ್ಲಿ ನಿಂತಿದ್ದೆ. ವಾಪಸ್ ಬಂದರೆ ಜೆ.ಪಿ. ನಗರದ ನಾಗರತ್ನಮ್ಮ ಅತ್ತಿಗೆಯ ಬಾಯಿಗೆ ನೀರು ಹಿಡಿದಿದ್ದಾರೆ.

"ಏನು ಕೊಟ್ರಿ?" ಎಂದೆ.

"ಅಯ್ಯೋ, ಒಂದು ವಾಂತಿ ಮಾತ್ರೆ ಕಣ್ರೀ ಗಿರಿಜಾ. ಪಾಪ, ಹೊಟ್ಟೆ ತೊಳೆಸ್ತಿದೆ ಅಂದ್ರು."

"ನಾನು ಹೇಳಿರ್ಲಿಲ್ವಾ ನಿಮಗೆ? ಕನ್ನಡದಲ್ಲೇ ಹೇಳಿದ್ನಲ್ಲ?"

"ವಿಷ ಕೊಟ್ಟೆ ಅನ್ನೋ ಥರ ಆಡ್ತೀರಲ್ಲ! ಮನೆಮಂದಿಗೆಲ್ಲ ಕೊಡೋ ಮಾತ್ರೆ ಅದು."

ಮನೆಮಂದಿಗೆಲ್ಲ ಕೊಡಬಹುದು. ಪಾರ್ಕಿನ್ಸನ್ ಇರುವವರಿಗೆ ಕೊಡುವ ಹಾಗಿಲ್ಲ. ಕೆಲವು ವಾಂತಿ ಮಾತ್ರೆಗಳು ಅವರ ಮೈ ಬಿಗಿತವನ್ನು ಹೆಚ್ಚಿಸುತ್ತವೆ, ತಲೆಯನ್ನೂ ಮಂಕು ಮಾಡುತ್ತವೆ. ಪೋಖರಾ ತಲುಪುವಷ್ಟರಲ್ಲಿ ಅತ್ತಿಗೆಯ ಮೈ ಹಲಗೆಯಂತಾಗಿತ್ತು. ಡ್ರೈವರು ಮತ್ತು ನಾನು ಹಿಡಿದು ಇಳಿಸಿದೆವು. ನಾಗರತ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಮ್ಮ ಚೀಲ ಹೊತ್ತು ತಂದರು. ಬೈಯಬೇಕೆಂದಿದ್ದ ಉಳಿದ ಮಾತುಗಳನ್ನು ನುಂಗಿಕೊಂಡೆ.

ಪೋಖರಾ

ಬೆಳಿಗ್ಗೆ ಹೋಟೆಲಿನ ಮಹಡಿಯಿಂದ ಬೆಟ್ಟ ಕಾಣಿಸಿತು. ಇಷ್ಟು ದಿನ ಕ್ಯಾಲೆಂಡರಿನಲ್ಲಿ ನೋಡಿದ್ದು ಇದೇನಾ ಎಂದು ಎಲ್ಲರೂ ಮಹಡಿಯ ಅಂಚಿಗೆ ಬಂದು ನಿಂತರು. ಒಂದು ಗಳಿಗೆ ಬಿಸಿಲು ಬಿದ್ದು ಬೆಳ್ಳಗೆ ಹೊಳೆಯಿತು, ಆಮೇಲೆ ಮೋಡ ಮುಚ್ಚಿತು. ಅತ್ತಿಗೆಯ ಬಿಗಿತವೂ ಸ್ವಲ್ಪ ಸಡಿಲಿತ್ತು. ಕುರ್ಚಿಯ ಮೇಲೆ ಶಾಲು ಹೊದ್ದು ಕೂತಿದ್ದರು.

ಅಷ್ಟರಲ್ಲಿ ಅಡುಗೆಯ ಮಂಜಣ್ಣ ಕೆಳಗಿನಿಂದ ಕೂಗಿಕೊಂಡ. ಚಟ್ನಿ ಅರ್ಧಕ್ಕೆ ನಿಂತಿದೆ, ಮಿಕ್ಸಿ ಸುಟ್ಟ ವಾಸನೆ ಬರುತ್ತಿದೆ. "ಇನ್ನೇನ್ಮಾಡೋದು ಗುರು, ಇವತ್ತು ಚಟ್ನಿ ಇಲ್ದೆ ಇಡ್ಲಿ" ಎಂದು ಯಾರೋ ನಕ್ಕರು.

ಅತ್ತಿಗೆ ಮೆಲ್ಲಗೆ ಹೇಳಿದರು: "ಮೇಲಕ್ಕೆ ತಂದ್ಕೊಡಪ್ಪ ಮಂಜಣ್ಣ. ಇವರು ಇಲ್ಲೇ ಕೂತಿದಾರಲ್ಲ, ನೋಡ್ತಾರೆ."

ಹೇಳಿ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ ನಕ್ಕರು. ಅತ್ತಿಗೆ ಗಂಡನ ಹೆಸರು ಹೇಳಿದವರಲ್ಲ. ಮದುವೆಯಾದಂದಿನಿಂದ ಅಣ್ಣ ಅವರಿಗೆ "ಇವರು". ನನ್ನ ಕೈಯಲ್ಲಿದ್ದ ಬಿ.ಪಿ. ಪಟ್ಟಿ ಹಾಗೇ ಕೆಳಗೆ ಜಾರಿತು.

ಅದು ನಾಗರತ್ನಮ್ಮನ ಮಾತ್ರೆಯ ಕೆಲಸ ಎಂದು ನಾನು ತೀರ್ಮಾನಿಸಿಕೊಂಡೆ. ಎಲ್ಲರಿಗೂ ಹಾಗೇ ಹೇಳಿದೆ. ಒಂದೆರಡು ದಿನದಲ್ಲಿ ಇಳಿದುಹೋಗುತ್ತದೆ, ಸುಮ್ಮನಿರಿ ಎಂದೆ. ಅವರು ಸುಮ್ಮನಿರಲಿಲ್ಲ. ಮಂಜಣ್ಣ ಮಧ್ಯಾಹ್ನ ಅತ್ತಿಗೆಯ ಪಕ್ಕಕ್ಕೆ ಇನ್ನೊಂದು ತಟ್ಟೆ ಹಾಕಿ ಬಡಿಸಿದ. "ಅಕ್ಕ ಹೇಳಿದ್ರು, ನಾನು ಹಾಕ್ದೆ" ಎಂದ. ಹೆಂಗಸರು ಒಬ್ಬೊಬ್ಬರಾಗಿ ಬಂದು ಆ ತಟ್ಟೆಯ ಕಡೆ ನೋಡಿ, ಗೊತ್ತಾಗದ ಹಾಗೆ ಕೈಮುಗಿದು ಹೋದರು. ಈ ವರ್ಷ ಅವರ ತಿಥಿ ಸರಿಯಾಗಿ ಮಾಡಿದ್ರಾ ಎಂದು ಒಬ್ಬರು ನನ್ನ ಕಿವಿಯಲ್ಲಿ ಕೇಳಿದರು. ನನಗೆ ರೇಗಿತು. ಕಾಯಿಲೆಯೊಂದು ಎಲ್ಲರ ಕಣ್ಣೆದುರಿಗೆ ಮಹಾತ್ಮೆಯಾಗುತ್ತಿತ್ತು.

ಎರಡು ದಿನವಾಯಿತು, ಮೂರು ದಿನವಾಯಿತು. ಮೈ ಪೂರ್ತಿ ಸಡಿಲವಾಯಿತು, ಅತ್ತಿಗೆ ಚೆನ್ನಾಗಿ ನಡೆದಾಡಿದರು. ಅಣ್ಣ ಮಾತ್ರ ಹೋಗಲಿಲ್ಲ. ರೂಮಿನಲ್ಲಿ ನಾವಿಬ್ಬರೇ ಇದ್ದಾಗ ಬಾಗಿಲು ಹಾಕಿ ಎದುರಿಗೆ ಕೂತೆ.

"ಅತ್ತಿಗೆ, ನಿಜ ಹೇಳಿ. ಯಾವಾಗಿಂದ?"

"ಹೋದ ಚಳಿಗಾಲದಿಂದ" ಎಂದರು. "ನಮ್ಮನೇಲೇ ಶುರುವಾಗಿದ್ದು. ಸಂಜೆ ಹೊತ್ತು ಹಾಲ್‌ನಲ್ಲಿ ಬಂದು ಕೂತ್ಕೋತಿದ್ರು."

"ವಾರ ವಾರ ಕೇಳ್ತಿದ್ನಲ್ಲ ನಾನು!"

"ಹೇಳಿದ್ರೆ ನೀನು ಡಾಕ್ಟ್ರಿಗೆ ಹೇಳ್ತಿದ್ದೆ. ಅವರು ಮಾತ್ರೆ ಕಡಿಮೆ ಮಾಡ್ತಿದ್ರು. ನೀನು ಬೇರೆಯವರಿಗೆ ಫೋನಲ್ಲಿ ಹೇಳೋದು ಕೇಳ್ಸ್ಕೊಂಡಿದೀನಿ, ನಂಗೆ ಗೊತ್ತು." ಆಮೇಲೆ ನನ್ನ ಕೈ ಹಿಡಿದರು. "ಮಾತಾಡಲ್ಲ ಕಣೇ ಅವರು. ತೊಂದ್ರೇನೂ ಕೊಡಲ್ಲ. ಇದ್ರೆ ಇರ್ಲಿ ಬಿಡು."

ನಾನು ಕೇಳಬಾರದಿತ್ತು, ಕೇಳಿದೆ. "ಏನು ಹಾಕ್ಕೊಂಡಿದಾನೆ?"

"ಬೂದು ಸ್ವೆಟರು. ನೀನು ಹೆಣೆದಿದ್ದು, ಒಂದು ತೋಳು ಉದ್ದ ಆಗೋಯ್ತಲ್ಲ, ಅದು. ತೋಳು ಮಡಿಸ್ಕೊಂಡಿದಾರೆ."

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ. ನನ್ನ ಅಣ್ಣ ಅವನು. ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ನರ್ಸಿಂಗ್ ಸ್ಕೂಲಿಗೆ ಸೇರಿಸಿ ಬಂದವನು. ನನಗೆ ಒಂದು ಸಲ ಕಾಣಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಸರೋವರ

ಆ ದಿನ ನಾನು ಡಾಕ್ಟರಿಗೆ ಫೋನ್ ಮಾಡಲಿಲ್ಲ. ಊರಿಗೆ ಹೋದ ಮೇಲೆ ನೋಡೋಣ, ಟೂರು ಮುಗಿಯಲಿ ಎಂದುಕೊಂಡೆ. ವಾರ್ಡಿನಲ್ಲಿ ಬೇರೆಯವರು ಹಾಗೆ ಮಾಡಿದ್ದರೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ.

ಪೋಖರಾದ ಸರೋವರದಲ್ಲಿ ಬಣ್ಣ ಬಣ್ಣದ ದೋಣಿಗಳು. ನಮ್ಮ ದೋಣಿ ನಡೆಸಿದವಳು ನನ್ನ ವಯಸ್ಸಿನವಳೇ. ತಲೆಗೆ ಬಟ್ಟೆ ಸುತ್ತಿಕೊಂಡು, ಮಾತಿಲ್ಲದೆ ಹುಟ್ಟು ಹಾಕುತ್ತಿದ್ದಳು. ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ಟು ತೊಡಿಸಿದ್ದರು. ನಡುವಿನ ಗುಡಿಗೆ ಹೋಗಿ ವಾಪಸ್ ಬರುತ್ತಿದ್ದೆವು. ನಾನು ಅತ್ತಿಗೆಯ ಎದುರಿಗೆ ಕೂತಿದ್ದೆ. ದಡದ ಮೆಟ್ಟಿಲುಗಳು ಇನ್ನೂ ಸಾಕಷ್ಟು ದೂರ ಇದ್ದವು.

ಅತ್ತಿಗೆಯ ಮುಖ ಇದ್ದಕ್ಕಿದ್ದ ಹಾಗೆ ಅರಳಿತು. "ಅಲ್ಲಿ ನಿಂತಿದಾರೆ ನೋಡು. ಕೈ ಮಾಡ್ತಿದಾರೆ. ಬಾ ಅಂತಿದಾರೆ" ಎಂದರು. ಎದ್ದು ನಿಂತೇಬಿಟ್ಟರು. ಆ ಸಣ್ಣ ಮಾತ್ರೆ ಕೊಟ್ಟ ಶಕ್ತಿಯಿಂದಲೇ ಅಷ್ಟು ಸಲೀಸಾಗಿ ಎದ್ದದ್ದು. ಒಂದು ಕಾಲನ್ನು ದೋಣಿಯ ಅಂಚಿಗೆ ಇಟ್ಟರು. ದೋಣಿ ವಾಲಿತು, ನೀರು ಒಳಕ್ಕೆ ನುಗ್ಗಿತು. ನಾನು ಅವರ ಸೀರೆ ಹಿಡಿದೆ, ದೋಣಿಯವಳು ಹುಟ್ಟು ಬಿಟ್ಟು ಸೊಂಟ ಹಿಡಿದಳು. ಮೂವರೂ ದೋಣಿಯ ತಳಕ್ಕೆ ಬಿದ್ದೆವು. ಹುಟ್ಟು ತೇಲಿಕೊಂಡು ಹೋಯಿತು.

ದೋಣಿಯವಳು ನಮ್ಮನ್ನು ಬೈಯಲಿಲ್ಲ. ಅತ್ತಿಗೆಯ ಒದ್ದೆ ಪಾದಗಳನ್ನು ತನ್ನ ತಲೆಯ ಬಟ್ಟೆ ಬಿಚ್ಚಿ ಒರೆಸಿದಳು. ಇನ್ನೊಂದು ದೋಣಿ ಬಂದು ನಮ್ಮನ್ನು ಎಳೆದುಕೊಂಡು ಹೋಗುವವರೆಗೂ ಅತ್ತಿಗೆ ಮೆಟ್ಟಿಲನ್ನೇ ನೋಡುತ್ತಿದ್ದರು. "ಕಾಯ್ತಿದಾರೆ, ಬೇಗ ನಡಿ" ಎನ್ನುತ್ತಿದ್ದರು.

ಹೋಟೆಲಿಗೆ ಬಂದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. "ಸಣ್ಣ ಮಾತ್ರೆ ಇವತ್ತಿಂದ್ಲೇ ಅರ್ಧ ಮಾಡಿ. ಒಂದೇ ಸಲ ನಿಲ್ಲಿಸ್ಬೇಡಿ, ನಾನು ಹೇಳ್ದಂಗೆ ಇಳಿಸ್ತಾ ಹೋಗಿ. ಹಳೇದು ಹಾಗೇ ಇರ್ಲಿ. ನಡಿಗೆ ಹಿಂದಕ್ಕೆ ಹೋಗುತ್ತೆ ಸಿಸ್ಟರ್, ನಿಮಗೆ ಗೊತ್ತಲ್ಲ" ಎಂದರು. ಗೊತ್ತು ಎಂದೆ.

ಗಂಡಕಿಯ ಮಾತು

ಅದೇ ದಿನ ಸಂಜೆಯ ಕಾಫಿಯ ಹೊತ್ತಿಗೆ ವಾಸುದೇವರಾಯರು ನಮ್ಮ ರೂಮಿಗೆ ಬಂದರು. ಜಯನಗರದವರು, ಬ್ಯಾಂಕಿನಿಂದ ರಿಟೈರಾದವರು. ಪೂಜೆ ಪುನಸ್ಕಾರ ಚೆನ್ನಾಗಿ ಬಲ್ಲವರು, ಬಸ್ಸಿನಲ್ಲಿ ಅವರೇ ನಮಗೆಲ್ಲ ಪುರೋಹಿತರು. ಎಳ್ಳು, ದರ್ಭೆ ಊರಿನಿಂದಲೇ ತಂದಿದ್ದರು. ಅವರ ಹಿಂದೆ ನಾಗರತ್ನಮ್ಮ.

"ನೋಡಿ ಸರೋಜಮ್ಮ" ಎಂದರು ರಾಯರು, ಬಹಳ ಮೃದುವಾಗಿ. "ಗಂಡಕಿ ಇಲ್ಲೇ ಹತ್ತಿರ ಹರಿಯುತ್ತೆ. ಇಂಥ ಕ್ಷೇತ್ರ ಸಿಗಲ್ಲ. ಬೆಳಿಗ್ಗೆ ಹೋಗಿ ಅವರ ಹೆಸರಲ್ಲಿ ತರ್ಪಣ ಬಿಡೋಣ. ಅದನ್ನೇ ಕೇಳೋಕೆ ಬಂದಿದಾರೆ ಅವರು. ನೆಮ್ಮದಿಯಾಗಿ ಹೋಗ್ತಾರೆ."

ಅತ್ತಿಗೆ ಕಾಫಿ ಲೋಟ ಕೆಳಗಿಟ್ಟರು. "ಹೋಗ್ತಾರಾ?"

"ಹೋಗ್ತಾರೆ."

"ಹಂಗಾದ್ರೆ ಬೇಡ. ಮನೇಗೆ ಬಂದೋರನ್ನ ಯಾರಾದ್ರೂ ಎಳ್ಳುನೀರು ಬಿಟ್ಟು ಕಳಿಸ್ತಾರಾ ರಾಯರೇ? ನೀವಾದ್ರೆ ಕಳಿಸ್ತೀರಾ?"

ರಾಯರ ಹೆಂಡತಿ ತೀರಿಕೊಂಡು ಬಹಳ ಕಾಲವೇನೂ ಆಗಿರಲಿಲ್ಲ. ಅವರು ಎದ್ದುಹೋದರು. ನನಗೆ ಒಂದು ಗಳಿಗೆ ಅತ್ತಿಗೆಯ ಮೇಲೆ ಹೆಮ್ಮೆ ಉಕ್ಕಿತು. ಮೂಢನಂಬಿಕೆಯವರಿಗೆ ಚೆನ್ನಾಗಿ ಹೇಳಿದರು ಎಂದುಕೊಂಡೆ. ಮರುಗಳಿಗೆಗೆ ಮಾತ್ರೆ ಅರ್ಧ ಮಾಡಲು ನಾನು ಪರ್ಸಿನಲ್ಲಿಟ್ಟುಕೊಂಡಿದ್ದ ಬ್ಲೇಡು ನೆನಪಾಯಿತು. ರಾಯರು ಎಳ್ಳು ತಂದಿದ್ದರು, ನಾನು ಬ್ಲೇಡು ತಂದಿದ್ದೆ. ಇಬ್ಬರೂ ಬಂದಿದ್ದು ಒಂದೇ ಕೆಲಸಕ್ಕೆ. ಅವರಾದರೂ ಕೇಳಿ ಮಾಡಲು ಬಂದಿದ್ದರು.

ನಾನು ಕದ್ದು ಮಾಡಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಅತ್ತಿಗೆಯ ಎದುರಿಗೇ ಟೇಬಲ್ಲಿನ ಮೇಲೆ ಮಾತ್ರೆ ಇಟ್ಟು ಕತ್ತರಿಸಿದೆ. ಬಿಳಿ ಪುಡಿ ಸ್ವಲ್ಪ ಉದುರಿತು.

"ಬೇಡ ಕಣೇ ಗಿರಿಜಾ" ಎಂದರು. "ನಿನ್ನ ಕಾಲಿಗೆ ಬೀಳ್ತೀನಿ."

"ದೋಣಿಯಿಂದ ನೀರಿಗೆ ಬೀಳ್ತಿದ್ರಿ ಅತ್ತಿಗೆ."

"ಬಿದ್ರೆ ಏನಾಗ್ತಿತ್ತು? ಅವರು ಅಲ್ಲೇ ಇದ್ರಲ್ಲ."

ಅರ್ಧ ಮಾತ್ರೆಯನ್ನು ಅಂಗೈಯಲ್ಲಿಟ್ಟು ಚಾಚಿದೆ. ಅತ್ತಿಗೆ ಪಕ್ಕದ ಕುರ್ಚಿಯನ್ನು ಒಂದು ಸಲ ನೋಡಿದರು, ತಗೊಂಡು ನುಂಗಿದರು. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ವಾಪಸು

ಉಳಿದ ಊರುಗಳನ್ನು ನಾವು ನೋಡಿದೆವು ಎಂದು ಹೇಳುವುದೂ ತಪ್ಪು. ಬಸ್ಸಿನ ಕಿಟಕಿಯಿಂದ ಅವು ಹಾದುಹೋದವು. ಮಂಜಣ್ಣ ಒರಳುಕಲ್ಲು ಹುಡುಕಿಕೊಂಡು ಚಟ್ನಿ ರುಬ್ಬುತ್ತಿದ್ದ. ನಾಗರತ್ನಮ್ಮ ದಿನವೂ ಬಂದು ಅತ್ತಿಗೆಯ ತಲೆ ಬಾಚಿ ಜಡೆ ಹಾಕುತ್ತಿದ್ದರು, ತಮ್ಮ ಮಾತ್ರೆಯ ಡಬ್ಬಿಯನ್ನು ಮಾತ್ರ ರೂಮಿನಲ್ಲೇ ಬಿಟ್ಟು ಬರುತ್ತಿದ್ದರು.

ಅಣ್ಣ ಒಮ್ಮೆಲೇ ಹೋಗಲಿಲ್ಲ. ನಾನು ದಿನವೂ ಕೇಳಬೇಕಿತ್ತು, ಡಾಕ್ಟರಿಗೆ ಹೇಳಬೇಕಿತ್ತು. ಅತ್ತಿಗೆ ಈಗ ಸುಳ್ಳು ಹೇಳುವುದನ್ನು ಬಿಟ್ಟಿದ್ದರು. "ಬಂದಿದ್ರು, ಕೂರ್ಲಿಲ್ಲ" ಎಂದರು ಒಂದು ದಿನ. "ಮುಖ ಸರಿಯಾಗಿ ಕಾಣಲ್ಲ" ಎಂದರು ಇನ್ನೊಂದು ದಿನ. ಅವನು ಮಸುಕಾದಷ್ಟೂ ಅತ್ತಿಗೆಯ ಹೆಜ್ಜೆ ಚಿಕ್ಕದಾಗುತ್ತ ಬಂತು. ಕಠ್ಮಂಡುವಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾಲು ನೆಲಕ್ಕೆ ಅಂಟಿಕೊಂಡಿತು. ಹಿಂದೆ ಜನ ನಿಂತರು. ನಾನು ಲೆಫ್ಟ್ ರೈಟ್ ಎಂದು ತಾಳ ಹಾಕಿದೆ, ಮುಂದೆ ನನ್ನ ಚಪ್ಪಲಿ ಇಟ್ಟು ದಾಟಿ ಎಂದೆ, ಏನೂ ಆಗಲಿಲ್ಲ. ಗಾಲಿ ಕುರ್ಚಿ ತರಿಸಿದೆವು. ಬಂದಾಗ ಇದೇ ಬಾಗಿಲಿನಿಂದ ಅವರು ನನಗಿಂತ ಮುಂದೆ ನಡೆದು ಹೊರಗೆ ಬಂದಿದ್ದರು.

ವಿಮಾನ ಏರಿದಾಗ ಬಲಗಡೆ ಹಿಮದ ಸಾಲು ಪೂರ್ತಿ ಕಾಣಿಸಿತು, ಒಂದು ಚೂರೂ ಮೋಡವಿಲ್ಲದೆ. "ನೋಡಿ ಅತ್ತಿಗೆ" ಎಂದೆ. "ನೋಡಿದ್ದಾಯ್ತು ಬಿಡು" ಎಂದು ಕಣ್ಣು ಮುಚ್ಚಿಕೊಂಡರು.

ಕತ್ರಿಗುಪ್ಪೆ

ಆ ಸಣ್ಣ ಮಾತ್ರೆ ಈಗ ಪೂರ್ತಿ ನಿಂತಿದೆ. ಮನೆಗೆ ಬಂದ ಮೇಲೆ ಅಣ್ಣ ಬರಲಿಲ್ಲ. ಸಂಜೆಯ ಹೊತ್ತು ಅತ್ತಿಗೆ ಹಾಲ್‌ನಲ್ಲಿ ಕೂತು ಬಾಗಿಲ ಕಡೆ ನೋಡುತ್ತಾರೆ, ಬೀದಿಯಲ್ಲಿ ಕುಕ್ಕರು ಕೂಗುತ್ತದೆ, ಹಾಲಿನ ಗಾಡಿ ಹೋಗುತ್ತದೆ. ಯಾರೂ ಬರುವುದಿಲ್ಲ. ಅಣ್ಣ ತೀರಿಕೊಂಡ ದಿನ ಕೂಡ ಅತ್ತಿಗೆ ಇಷ್ಟು ಸೊರಗಿರಲಿಲ್ಲ. ಫೋನಿನಲ್ಲಿ ಡಾಕ್ಟರು "ಒಳ್ಳೇ ಕೆಲ್ಸ ಮಾಡಿದ್ರಿ ಸಿಸ್ಟರ್, ಟೈಮಿಗೆ ಸರಿಯಾಗಿ ಹಿಡಿದ್ರಿ" ಎಂದರು. ಇಷ್ಟು ವರ್ಷದ ನೌಕರಿಯಲ್ಲಿ ಆ ಮಾತು ಕೇಳಿದರೆ ನನಗೆ ಊಟ ರುಚಿಸುತ್ತಿತ್ತು.

ಮೊನ್ನೆ ಬೆಳಿಗ್ಗೆ ಹಳೆಯ ಮಾತ್ರೆ ಮತ್ತು ನೀರು ತಗೊಂಡು ಹೋದೆ. ಅತ್ತಿಗೆ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ನೀನು ಮಾಡಿದ್ದು ಸರಿ" ಎಂದರು. "ನನಗೆ ಬುದ್ಧಿ ಇದೆ, ನಾನೇ ಹೇಳ್ತಿದೀನಿ, ಸರಿ. ದಿನಾ ಕೊಡು, ತಗೋತೀನಿ. ಕೊಡೋವಾಗ ಮಾತ್ರ ನನ್ನ ಮುಖ ನೋಡ್ಬೇಡ ಗಿರಿಜಾ. ನಿನ್ನ ಕಣ್ಣಿಗೆ ಕಣ್ಣು ಕೊಡೋಕೆ ನನ್ನ ಕೈಲಿ ಆಗಲ್ಲ."

ಮುಖ ನೋಡದೆ ಮಾತ್ರೆ ಕೊಡುವುದನ್ನು ಯಾವ ನರ್ಸಿಗೂ ಕಲಿಸುವುದಿಲ್ಲ. ನುಂಗಿದ್ದಾರೋ, ಕೆನ್ನೆಯಲ್ಲಿ ಇಟ್ಟುಕೊಂಡಿದ್ದಾರೋ, ಕೆಮ್ಮು ಬಂತೋ, ಎಲ್ಲ ನೋಡಬೇಕು. ಅದಕ್ಕೆ ಈಗ ನಾನು ಅತ್ತಿಗೆಯ ಗಂಟಲನ್ನು ಮಾತ್ರ ನೋಡುತ್ತೇನೆ. ಅದು ಒಂದು ಸಲ ಮೇಲೆ ಹೋಗಿ ಕೆಳಗೆ ಇಳಿಯುತ್ತದೆ. ಲೋಟ ತಗೊಂಡು ಅಡುಗೆಮನೆಗೆ ಬರುತ್ತೇನೆ.